ಕಿರು ಸಿಎನ್‌ಸಿ ಮಿಲ್ಲಿಂಗ್ ಮಷೀನ್: ಜಾಬ್ ಕೆಟ್ಟಾಗ ತಪ್ಪು ಹುಡುಕುವುದು ಹೇಗೆ

ಮೇಜಿನ ಮೇಲೆ ಇಡುವಂಥ ಪುಟ್ಟ ಸಿಎನ್‌ಸಿ ಮಿಲ್ಲಿಂಗ್ ಮಷೀನ್, ಅಂದರೆ ಕಂಪ್ಯೂಟರ್ ಹೇಳಿದಂತೆ ತಿರುಗುವ ಟೂಲಿನಿಂದ ಕೊರೆಯುವ ಯಂತ್ರ, ತಂದಿದ್ದೀರಿ. ಬೋಲ್ಟುಗಳನ್ನು ಬಿಗಿದು ಮೊದಲ ಜಾಬ್ ಕೊರೆದೂ ಆಯಿತು. ಚೌಕ ಬರಬೇಕಿತ್ತು, ಬಂದಿದ್ದು ಸೊಟ್ಟ. ಅಥವಾ ಅರ್ಧ ಕೆಲಸ ಚೆನ್ನಾಗಿ ನಡೆದು, ಆಮೇಲೆ ಟೂಲ್ ಎಲ್ಲೋ ಹೋಗಿ ಏನನ್ನೋ ಕೊರೆಯಿತು. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಕಂಪ್ಯೂಟರ್ ಕಡೆ ಹೋಗುತ್ತದೆ, ಸೆಟ್ಟಿಂಗ್ ಬದಲಿಸಿ ನೋಡೋಣ ಅಂತ. ದಯವಿಟ್ಟು ಬೇಡ.

ನಾನು ಅದನ್ನೇ ಮಾಡಿದ್ದೆ. ಎಕ್ಸ್ ದಿಕ್ಕಿನಲ್ಲಿ ಅಳತೆ ಕಮ್ಮಿ ಬಂತು ಅಂತ ಎರಡು ಸಂಜೆ ಸ್ಟೆಪ್ ಸಂಖ್ಯೆ (ಒಂದು ಮಿ.ಮೀ. ಸಾಗಲು ಮೋಟಾರ್ ಎಷ್ಟು ಹೆಜ್ಜೆ ತಿರುಗಬೇಕು ಅನ್ನುವ ಲೆಕ್ಕ) ತಿದ್ದುತ್ತಾ ಕೂತೆ. ಒಂದು ಸಲ ಸರಿಯಾಗುತ್ತಿತ್ತು, ಮರುದಿನ ಮತ್ತೆ ತಪ್ಪು. ಕೊನೆಗೆ ಸಿಕ್ಕಿದ್ದು ಮೋಟಾರನ್ನೂ ಟೇಬಲ್ ಓಡಿಸುವ ಸ್ಕ್ರೂವನ್ನೂ ಜೋಡಿಸುವ ಕಪ್ಲಿಂಗ್‌ನಲ್ಲಿ ಸಡಿಲವಾಗಿದ್ದ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ). ಅಷ್ಟರಲ್ಲಿ ಮೊದಲು ಇದ್ದ ಸಂಖ್ಯೆ ಯಾವುದು ಅನ್ನೋದೇ ಮರೆತುಹೋಗಿತ್ತು.

ಹಾಗಾಗಿ ಮೊದಲ ಕೆಲಸ: ಈಗಿರುವ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳಿ. ಈ ಗಾತ್ರದ ಬಹಳಷ್ಟು ಮಷೀನುಗಳಲ್ಲಿ ಜಿಆರ್‌ಬಿಎಲ್ ಎಂಬ ಫರ್ಮ್‌ವೇರ್ (ಮಷೀನಿನ ಬೋರ್ಡಿನೊಳಗೆ ಕೂತು ಅದನ್ನು ನಡೆಸುವ ಪ್ರೋಗ್ರಾಮ್) ಇರುತ್ತದೆ. ಅದಕ್ಕೆ $$ ಎಂದು ಕಳಿಸಿದರೆ ಇಡೀ ಪಟ್ಟಿ ತೆರೆಯ ಮೇಲೆ ಬರುತ್ತದೆ. ಅದನ್ನು ಒಂದು ಫೈಲಿಗೆ ಅಂಟಿಸಿಡಿ. ಇಷ್ಟಾದ ಮೇಲೆ ಆ ಕಡೆ ತಲೆ ಹಾಕಬೇಡಿ. ಹೊಸ ಮಷೀನಿನ ತೊಂದರೆ ಮುಕ್ಕಾಲು ಪಾಲು ಸ್ಕ್ರೂ, ನಟ್, ಕೊಲೆಟ್ (ಟೂಲನ್ನು ಬಿಗಿಹಿಡಿಯುವ ಭಾಗ) ಇಂಥ ಕಡೆಯೇ ಇರುತ್ತದೆ ಅನ್ನೋದು ನನ್ನ ಅನುಭವ.

ಇನ್ನೊಂದು ಮಾತು. ಇಲ್ಲಿ ಹೇಳುವ ಪರೀಕ್ಷೆಗಳಿಗೆ ಮಷೀನಿನ ಹತ್ತಿರ ಬಗ್ಗಿ ನೋಡಬೇಕಾಗುತ್ತದೆ. ಕನ್ನಡಕ ಕಡ್ಡಾಯ. ಕೈಗವಸು ಹಾಕಲೇಬೇಡಿ, ತಿರುಗುವ ಟೂಲ್ ಅದನ್ನು ಹಿಡಿದರೆ ಬೆರಳನ್ನೂ ಎಳೆಯುತ್ತದೆ. ಕರೆಂಟ್ ಇರುವಾಗ ಸ್ಟೆಪ್ಪರ್ ಮೋಟಾರಿನ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ವೈರ್ ಕೀಳಬೇಡಿ, ಅದನ್ನು ನಡೆಸುವ ಡ್ರೈವರ್ ಚಿಪ್ ಸುಟ್ಟುಹೋಗಬಹುದು.

ತಪ್ಪು ಎಂಥದ್ದು?

ಕೆಟ್ಟ ಜಾಬನ್ನು ಬಿಸಾಡಬೇಡಿ. ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿಕೊಳ್ಳಿ. ಈ ತಪ್ಪು ಎಲ್ಲ ಕಡೆ ಒಂದೇ ಅಳತೆಯಲ್ಲಿದೆಯಾ? ದೊಡ್ಡ ಅಳತೆಗೆ ದೊಡ್ಡದಾಗುತ್ತಾ? ಅಥವಾ ಒಂದು ಜಾಗದ ತನಕ ಎಲ್ಲ ಸರಿಯಿದ್ದು, ಅಲ್ಲಿಂದ ಮುಂದೆ ಎಲ್ಲವೂ ಪಕ್ಕಕ್ಕೆ ಸರಿದಿದೆಯಾ? ಮೂರಕ್ಕೂ ಕಾರಣ ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಎರಡು ತೊಂದರೆ ಆಗುತ್ತವೆ.

ನೋಡಿ ಹೇಳಲಾಗದಿದ್ದರೆ ಒಂದು ಪರೀಕ್ಷೆಯ ತುಂಡು ಕೊರೆಯಿರಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಗಟ್ಟಿ ಪ್ಲಾಸ್ಟಿಕ್ ಸಾಕು. ಅದರಲ್ಲಿ ಮೂರು ಆಕಾರ ಇರಲಿ: ಹೊರಗಿನಿಂದ ಸುತ್ತಿ ಕೊರೆದ 20 ಮಿ.ಮೀ. ಚೌಕ, ಅದೇ ರೀತಿಯ 60 ಮಿ.ಮೀ. ಚೌಕ, ಮತ್ತೆ ಒಳಗಿನಿಂದ ಕೊರೆದ 20 ಮಿ.ಮೀ. ಗುಳಿ. ವರ್ನಿಯರ್‌ನಲ್ಲಿ ಎಕ್ಸ್ ಮತ್ತು ವೈ ಎರಡೂ ದಿಕ್ಕು ಅಳೆಯಿರಿ.

20ರ ಚೌಕ 19.8 ಬಂದು, 60ರದ್ದು 59.8 ಬಂತು ಅಂದುಕೊಳ್ಳಿ. ಎರಡರಲ್ಲೂ 0.2 ಕಮ್ಮಿ. ಇದು ಸ್ಟೆಪ್ ಸಂಖ್ಯೆಯ ತಪ್ಪಲ್ಲ. ಸ್ಟೆಪ್ ತಪ್ಪಿದ್ದರೆ 60ರದ್ದು 59.4 ಬರಬೇಕಿತ್ತು. ಈಗ ಗುಳಿ ನೋಡಿ. ಗುಳಿಯೂ 19.8 ಇದ್ದರೆ, ಅಂದರೆ ಹೊರಗಿನದೂ ಒಳಗಿನದೂ ಎರಡೂ ಚಿಕ್ಕದಾಗಿದ್ದರೆ, ಅದು ಬ್ಯಾಕ್‌ಲ್ಯಾಶ್. ದಿಕ್ಕು ಬದಲಿಸುವಾಗೆಲ್ಲ ಸ್ಕ್ರೂ ಸ್ವಲ್ಪ ಖಾಲಿ ತಿರುಗುತ್ತದೆ, ಅಷ್ಟು ದೂರ ಟೇಬಲ್ ಹೋಗುವುದೇ ಇಲ್ಲ. ಚೌಕ ಚಿಕ್ಕದಾಗಿ ಗುಳಿ 20.2 ಬಂದಿದ್ದರೆ ಟೂಲ್ ನೀವು ಸಾಫ್ಟ್‌ವೇರ್‌ಗೆ ಹೇಳಿದ್ದಕ್ಕಿಂತ ದಪ್ಪವಾಗಿ ಕೊರೆಯುತ್ತಿದೆ. ಒಂದೋ ವ್ಯಾಸ ತಪ್ಪು ಹಾಕಿದ್ದೀರಿ, ಇಲ್ಲವೇ ಟೂಲ್ ಕೊಲೆಟ್‌ನಲ್ಲಿ ಸೊಟ್ಟ ಕೂತು ವೃತ್ತ ಬಿಡಿಸುತ್ತಾ ತಿರುಗುತ್ತಿದೆ. ಇದರ ಉಲ್ಟಾ, ಚೌಕ ದೊಡ್ಡದು ಗುಳಿ ಚಿಕ್ಕದು ಅಂದರೆ, ಟೂಲ್ ತೆಳ್ಳಗಿದೆ ಅಥವಾ ಕೊರೆಯುವಾಗ ಆಚೆಗೆ ಬಾಗುತ್ತಿದೆ. ಅದೇ ದಾರಿಯಲ್ಲಿ, ಆಳ ಹೆಚ್ಚಿಸದೆ, ಇನ್ನೊಂದು ಸುತ್ತು ಹೊಡೆಸಿ ನೋಡಿ. ಅಳತೆ ಸರಿಯಾದರೆ ಬಾಗುತ್ತಿತ್ತು ಅಂತ ಅರ್ಥ.

ಒಂದು ಚೌಕ, ಒಂದು ಗುಳಿ ಇಷ್ಟೆಲ್ಲ ಹೇಳುತ್ತವೆ. ನನಗಂತೂ ಇದು ಗೊತ್ತಾದ ದಿನ ವರ್ನಿಯರ್ ಮೇಲೆ ಹೊಸ ಗೌರವ ಬಂತು.

60ರ ಚೌಕದ ಎರಡೂ ಕರ್ಣಗಳನ್ನು ಅಳೆಯುವುದನ್ನು ಮರೆಯಬೇಡಿ. ಸರಿಯಿದ್ದರೆ ಎರಡೂ 84.85 ಮಿ.ಮೀ. ಹತ್ತಿರ ಇರಬೇಕು. ಒಂದು ಉದ್ದ ಒಂದು ಗಿಡ್ಡ ಆದರೆ ಎಕ್ಸ್ ಮತ್ತು ವೈ ಒಂದಕ್ಕೊಂದು ಮೂಲೆಮಟ್ಟವಾಗಿಲ್ಲ. ಫ್ರೇಮ್ ಬೋಲ್ಟ್ ಸಡಿಲಿಸಿ, ಮೂಲೆಮಟ್ಟ ಇಟ್ಟು ನೇರ ಮಾಡಿ, ಮತ್ತೆ ಬಿಗಿಯಿರಿ.

ಬ್ಯಾಕ್‌ಲ್ಯಾಶ್ ಎಲ್ಲಿಂದ ಬರುತ್ತಿದೆ?

ಬ್ಯಾಕ್‌ಲ್ಯಾಶ್ ಇದ್ದರೆ ವೃತ್ತ ಕೊರೆದಾಗಲೂ ಗೊತ್ತಾಗುತ್ತದೆ. ಗಡಿಯಾರದ 12, 3, 6, 9 ಇರುವ ಜಾಗಗಳಲ್ಲಿ ಸಣ್ಣ ಚಪ್ಪಟೆ ಅಥವಾ ಮೆಟ್ಟಿಲು ಕಾಣುತ್ತದೆ. ಅಲ್ಲೇ ಅಲ್ವಾ ಒಂದೊಂದು ಆಕ್ಸಿಸ್ ದಿಕ್ಕು ಬದಲಿಸುವುದು.

ಮೋಟಾರಿಗೆ ಕರೆಂಟ್ ಇಟ್ಟೇ ಟೇಬಲ್ ಅನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ತಳ್ಳಿ. ಜಿಆರ್‌ಬಿಎಲ್ ಚಲನೆ ನಿಂತ ಸ್ವಲ್ಪ ಹೊತ್ತಿಗೆ ಮೋಟಾರುಗಳನ್ನು ಸಡಿಲ ಬಿಡುತ್ತದೆ. ಈ ಪರೀಕ್ಷೆಗೆ $1 ಅನ್ನು 255 ಮಾಡಿ ಒಮ್ಮೆ ಕಂಪ್ಯೂಟರಿನಿಂದ ಟೇಬಲ್ ಸ್ವಲ್ಪ ಓಡಿಸಿದರೆ ಅವು ಹಿಡಿದುಕೊಂಡೇ ಇರುತ್ತವೆ. ಈಗ ಟೇಬಲ್ ಓಡಿಸುವ ಲೀಡ್ ಸ್ಕ್ರೂ ಮೇಲೆ ಕಣ್ಣಿಡಿ. ಸ್ಕ್ರೂ ಅಲುಗಾಡದೆ ಟೇಬಲ್ ಮಾತ್ರ ಅಲುಗಾಡಿದರೆ ನಟ್ ಸವೆದಿದೆ ಅಥವಾ ಸಡಿಲವಾಗಿದೆ. ಸ್ಪ್ರಿಂಗ್ ಇರುವ ಜೋಡಿ ನಟ್ ಹಾಕಿದರೆ ಹೋಗುತ್ತದೆ. ಸ್ಕ್ರೂವೇ ಟೇಬಲ್ ಜೊತೆ ಉದ್ದಕ್ಕೆ ಹಿಂದೆ ಮುಂದೆ ಸರಿದರೆ ನಟ್ ಬದಲಿಸಿ ಪ್ರಯೋಜನವಿಲ್ಲ. ಸ್ಕ್ರೂ ತುದಿಯ ಬೇರಿಂಗ್ ಅಥವಾ ಕಪ್ಲಿಂಗ್ ಅದನ್ನು ಹಿಡಿದಿಟ್ಟಿಲ್ಲ. ಸುರುಳಿ ಸೀಳಿನ ಅಲ್ಯೂಮಿನಿಯಂ ಕಪ್ಲಿಂಗ್ ಇರುವ ಮಷೀನುಗಳಲ್ಲಿ ಇದು ಜಾಸ್ತಿ. ಆ ಕಪ್ಲಿಂಗ್ ತಾನೇ ಸ್ಪ್ರಿಂಗ್ ಥರ ಹಿಗ್ಗಿ ಕುಗ್ಗುತ್ತದೆ.

ಮಾಮೂಲಿ ಜಿಆರ್‌ಬಿಎಲ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸುವ ಸೆಟ್ಟಿಂಗ್ ಇಲ್ಲ. ಇದ್ದರೂ ನಾನು ಬಳಸುತ್ತಿರಲಿಲ್ಲ. ಸಡಿಲ ಇರುವ ಟೇಬಲ್ ಅನ್ನು ಟೂಲ್ ತಾನೇ ಎಳೆದುಕೊಂಡುಬಿಡುತ್ತದೆ, ಅದಕ್ಕೆ ಲೆಕ್ಕ ಎಲ್ಲಿ? ಕ್ಲೈಂಬ್ ಮಿಲ್ಲಿಂಗ್‌ನಲ್ಲಿ, ಅಂದರೆ ಟೂಲಿನ ಅಂಚು ಜಾಬ್ ಸಾಗುವ ದಿಕ್ಕಿನಲ್ಲೇ ಕಚ್ಚುವಾಗ, ಈ ಎಳೆತ ಹೆಚ್ಚು. ಸರಿಪಡಿಸುವ ತನಕ ಅದರ ಉಲ್ಟಾ ಆದ ಕನ್ವೆನ್ಷನಲ್ ಮಿಲ್ಲಿಂಗ್ ಬಳಸಿ.

ನಿಜಕ್ಕೂ ಸ್ಟೆಪ್ ಸಂಖ್ಯೆಯೇ ತಪ್ಪಿದ್ದರೆ

ಸಾಮಾನ್ಯ ಸ್ಟೆಪ್ಪರ್ ಮೋಟಾರಿಗೆ ಒಂದು ಸುತ್ತಿಗೆ 200 ಸ್ಟೆಪ್. ಡ್ರೈವರ್ ಪ್ರತಿ ಸ್ಟೆಪ್ಪನ್ನು 16 ಪಾಲು ಮಾಡಿದರೆ 3200. ಒಂದು ಸುತ್ತಿಗೆ 4 ಮಿ.ಮೀ. ಸಾಗುವ ಲೀಡ್ ಸ್ಕ್ರೂ ಇದ್ದರೆ 3200 ÷ 4 = 800 ಸ್ಟೆಪ್, ಒಂದು ಮಿ.ಮೀ.ಗೆ. 8 ಮಿ.ಮೀ. ಸಾಗುವ ಸ್ಕ್ರೂ ಆದರೆ 400. ಜಿಆರ್‌ಬಿಎಲ್‌ನಲ್ಲಿ ಎಕ್ಸ್, ವೈ, ಝಡ್‌ಗೆ (ಝಡ್ ಅಂದರೆ ಮೇಲೆ ಕೆಳಗೆ) ಈ ಸಂಖ್ಯೆ $100, $101, $102ರಲ್ಲಿ ಇರುತ್ತದೆ.

ಈ ಲೆಕ್ಕದಿಂದ ಒಂದು ವಿಷಯ ಹೊಳೆಯಬೇಕು. ಸ್ಕ್ರೂ ಮಷೀನಿನಲ್ಲಿ ಸ್ಟೆಪ್ ತಪ್ಪಿದ್ದರೆ ಅದು ದೊಡ್ಡದಾಗಿಯೇ ತಪ್ಪಿರುತ್ತದೆ: ಅರ್ಧ ಅಥವಾ ಎರಡು ಪಟ್ಟು. 60 ಕೇಳಿದರೆ 30 ಅಥವಾ 120 ಬರುತ್ತದೆ. 800 ಇದ್ದದ್ದನ್ನು 808 ಮಾಡಿದರೆ ಸರಿಹೋಯಿತು ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಅಷ್ಟು ತಪ್ಪು ಹಲ್ಲು ಕೆತ್ತಿದ ಸ್ಕ್ರೂ ಅಪರೂಪ. ಅವರು ಬ್ಯಾಕ್‌ಲ್ಯಾಶ್ ಅನ್ನು ಸಂಖ್ಯೆಯ ಕೆಳಗೆ ಬಚ್ಚಿಟ್ಟಿದ್ದಾರೆ ಅಷ್ಟೆ. ಆ ಒಂದು ಉದ್ದಕ್ಕೆ ಸರಿಯಾಗಿ, ಉಳಿದ ಎಲ್ಲಕ್ಕೂ ತಪ್ಪಾಗುತ್ತದೆ. ಬೆಲ್ಟ್ ಇರುವ ಮಷೀನಿನಲ್ಲಿ ಮಾತ್ರ ಸಣ್ಣ ತಿದ್ದುಪಡಿಗೆ ಅರ್ಥವಿದೆ.

ಎಲ್ಲವೂ 25.4 ಪಟ್ಟು ದೊಡ್ಡದು ಅಥವಾ ಚಿಕ್ಕದಾಗಿದ್ದರೆ ಅದು ಇಂಚು ಮತ್ತು ಮಿ.ಮೀ. ಗೊಂದಲ. ಪ್ರೋಗ್ರಾಮಿನ ಮೇಲ್ಭಾಗದಲ್ಲಿ ಜಿ20 ಇದ್ದರೆ ಇಂಚು, ಜಿ21 ಇದ್ದರೆ ಮಿ.ಮೀ.

ನಡುವೆ ಜಾಗ ತಪ್ಪಿದರೆ

ಇದೇ ಎಲ್ಲಕ್ಕಿಂತ ತಲೆ ತಿನ್ನುವ ತೊಂದರೆ. ಅರ್ಧ ಗಂಟೆ ಚೆನ್ನಾಗಿ ಕೊರೆದು, ಆಮೇಲೆ ಎರಡು ಮಿ.ಮೀ. ಎಡಕ್ಕೆ. ಮೋಟಾರಿಗೆ ತಾನು ಎಲ್ಲಿದ್ದೇನೆ ಅನ್ನೋದು ಗೊತ್ತಿಲ್ಲ. ಸ್ಟೆಪ್ ಹಾಕು ಅಂದರೆ ಹಾಕಲು ನೋಡುತ್ತದೆ. ಹಾಕಲಾಗದಿದ್ದರೂ ಕಂಟ್ರೋಲರ್ ಹಾಕಿದೆ ಅಂದುಕೊಂಡು ಮುಂದೆ ಹೋಗುತ್ತದೆ.

ಟೂಲ್ ತೆಗೆದಿಟ್ಟು, ಅದೇ ಪ್ರೋಗ್ರಾಮನ್ನು ಗಾಳಿಯಲ್ಲಿ ಓಡಿಸುವುದೇ ಇದಕ್ಕೆ ಪರೀಕ್ಷೆ. ಮೂರು ಸಲ ಓಡಿಸಬೇಕು, ಮೂರನೆಯ ಸಲ ಮಾತ್ರ ಟೂಲ್ ಹಾಕಿ. ಟೇಬಲ್ ಮೇಲೆ ಸೊನ್ನೆಯ ಜಾಗಕ್ಕೆ (ಪ್ರೋಗ್ರಾಮ್ ಅಳತೆ ಶುರು ಮಾಡುವ ಜಾಗ) ಪೆನ್ಸಿಲ್ ಗುರುತು ಹಾಕಿ, ಮೊದಲ ಎರಡು ಓಟಕ್ಕೆ ಝಡ್ ಸೊನ್ನೆಯನ್ನು ಜಾಬಿಗಿಂತ ಎಷ್ಟೋ ಮೇಲೆ ಇಟ್ಟುಕೊಳ್ಳಿ.

ಮೊದಲ ಸಲ ಸ್ಪಿಂಡಲ್ (ಟೂಲ್ ತಿರುಗಿಸುವ ಮೋಟಾರ್) ಬಂದ್. ಮುಗಿದ ಮೇಲೆ ಸೊನ್ನೆಗೆ ವಾಪಸ್ ಕಳಿಸಿ. ಗುರುತಿಗೆ ಬರಲಿಲ್ಲ ಅಂದರೆ ಯಾವ ಹೊರೆಯೂ ಇಲ್ಲದೆ ಸ್ಟೆಪ್ ಹೋಗುತ್ತಿದೆ. ಓಟದ ವೇಗ ಜಾಸ್ತಿ ಇರಬಹುದು. $110ರಿಂದ $112ರ ತನಕ ಇರುವ ಗರಿಷ್ಠ ವೇಗ, $120ರಿಂದ $122ರ ತನಕ ಇರುವ ವೇಗವರ್ಧನೆ, ಇವನ್ನು ಅರ್ಧ ಮಾಡಿ ಮತ್ತೆ ಓಡಿಸಿ. ಸರಿಹೋದರೆ ಉತ್ತರ ಸಿಕ್ಕಿತು. ಹೋಗದಿದ್ದರೆ ಕರೆಂಟ್ ತೆಗೆದು ಸ್ಕ್ರೂವನ್ನು ಬೆರಳಿಂದ ನಿಧಾನವಾಗಿ ತುದಿಯಿಂದ ತುದಿಗೆ ತಿರುಗಿಸಿ. ನಡುವೆ ಸಲೀಸು, ತುದಿಗೆ ಬಂದಾಗ ಬಿಗಿ ಅನ್ನಿಸಿದರೆ ನಟ್ ಬ್ಲಾಕ್ ಮತ್ತು ಸ್ಕ್ರೂ ನೇರದಲ್ಲಿಲ್ಲ. ನಟ್ಟಿನ ಬೋಲ್ಟ್ ಸಡಿಲಿಸಿ, ಟೇಬಲ್ ಅನ್ನು ಆ ತುದಿಗೆ ತಂದು, ಅಲ್ಲೇ ಬಿಗಿಯಿರಿ.

ಇಲ್ಲೇ ನನ್ನ ಗ್ರಬ್ ಸ್ಕ್ರೂ ಸಿಕ್ಕಿದ್ದು. ಮೋಟಾರಿನ ಶಾಫ್ಟ್, ಕಪ್ಲಿಂಗ್, ಸ್ಕ್ರೂ ಮೂರರ ಮೇಲೂ ಹಾದುಹೋಗುವಂತೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಪ್ರೋಗ್ರಾಮ್ ಓಡಿದ ಮೇಲೆ ಗೆರೆ ಮುರಿದು ಎರಡಾಗಿದ್ದರೆ ಅಲ್ಲಿ ಜಾರುತ್ತಿದೆ. ಶಾಫ್ಟಿನಲ್ಲಿ ಚಪ್ಪಟೆ ಜಾಗ ಇದ್ದರೆ ಗ್ರಬ್ ಸ್ಕ್ರೂ ಅದರ ಮೇಲೇ ಕೂರಬೇಕು. ಹಲ್ಲಿಗೆ ಒಂದು ತೊಟ್ಟು ಲಾಕಿಂಗ್ ಅಂಟು ಹಾಕಿ.

ಮೊದಲ ಓಟ ಸರಿಯಿದ್ದರೆ ಎರಡನೆಯದು: ಗಾಳಿಯಲ್ಲೇ, ಆದರೆ ಸ್ಪಿಂಡಲ್ ಚಾಲೂ. ಕೊಲೆಟ್ ಮತ್ತು ನಟ್ ಬಿಚ್ಚಿಟ್ಟಿರಿ, ಖಾಲಿ ನಟ್ ಸಡಿಲವಾಗಿ ಹಾರಬಾರದು. ಈಗ ಮಾತ್ರ ಜಾಗ ತಪ್ಪಿದರೆ, ಅಥವಾ ಕಂಪ್ಯೂಟರ್ ಜೊತೆ ಸಂಪರ್ಕ ಕಡಿದರೆ, ಸ್ಪಿಂಡಲ್ ಮೋಟಾರಿನ ವಿದ್ಯುತ್ ಗದ್ದಲ ವೈರುಗಳಿಗೆ ಹೊಕ್ಕುತ್ತಿದೆ. ಬ್ರಷ್ ಇರುವ ಮೋಟಾರಿನಲ್ಲಿ ಒಳಗೆ ಕಿಡಿ ಹಾರುತ್ತಲೇ ಇರುತ್ತದೆ. ಸ್ಪಿಂಡಲ್ ವೈರನ್ನು ಬೇರೆ ವೈರುಗಳಿಂದ ದೂರ ಎಳೆಯಿರಿ. ಯುಎಸ್‌ಬಿ ಕೇಬಲ್ ಗಿಡ್ಡದ್ದು, ಕವಚ ಇರುವುದು, ಫೆರೈಟ್ ಉಂಡೆ ಇರುವುದು ಬಳಸಿ. ಫ್ರೇಮಿಗೆ ಅರ್ಥಿಂಗ್ ಕೊಡಿ. ಧೂಳು ಎಳೆಯುವ ಪ್ಲಾಸ್ಟಿಕ್ ಪೈಪಿನಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತೂ ಇದೇ ಆಟ ಆಡುತ್ತದೆ. ವ್ಯಾಕ್ಯೂಮ್ ಬಂದ್ ಮಾಡಿ ಒಮ್ಮೆ ನೋಡಿ.

ಎರಡೂ ಸರಿಯಿದ್ದರೆ ಮೂರನೆಯದು: ಟೂಲ್ ಹಾಕಿ, ಮೆತ್ತನೆಯ ಫೋಮ್ ಕೊರೆಯಿರಿ. ಫೋಮಿನಲ್ಲಿ ಸರಿ, ಮರದಲ್ಲಿ ತಪ್ಪು ಅಂದರೆ ಮಷೀನಿನ ಶಕ್ತಿಗೆ ಮೀರಿ ಕೇಳುತ್ತಿದ್ದೀರಿ. ಪ್ರತಿ ಸುತ್ತಿನ ಆಳ ಕಡಿಮೆ ಮಾಡಿ. ಡ್ರೈವರ್ ಚಿಪ್ ಬಿಸಿಯಾಗಿ ತಾನಾಗಿ ನಿಂತು ಮತ್ತೆ ಶುರುವಾಗುವುದೂ ಉಂಟು. ಹದಿನೈದು ಇಪ್ಪತ್ತು ನಿಮಿಷದ ಮೇಲೆ ಮಾತ್ರ ತಪ್ಪು ಬರುತ್ತದೆ ಅಂದರೆ ಬೋರ್ಡಿಗೆ ಒಂದು ಫ್ಯಾನ್ ತಿರುಗಿಸಿ. ಮೋಟಾರ್ ಮುಟ್ಟಿದರೆ ಬಿಸಿ ಅನ್ನಿಸುವುದು ಮಾಮೂಲು, ಅದಕ್ಕೆ ಹೆದರಬೇಡಿ.

ಆಳ ಬರಬರುತ್ತಾ ಜಾಸ್ತಿಯಾದರೆ

ಶುರುವಿನಲ್ಲಿ 2 ಮಿ.ಮೀ. ಆಳ, ಕೊನೆಯಲ್ಲಿ 3. ಹೊಸಬರು ಇದಕ್ಕೆ ಝಡ್ ಮೋಟಾರನ್ನು ಬೈಯುತ್ತಾರೆ. ಮೊದಲು ಕೊಲೆಟ್ ನೋಡಿ. ಸುರುಳಿ ಮೇಲ್ಮುಖವಾಗಿರುವ ಟೂಲ್ ಹೊಟ್ಟನ್ನು ಮೇಲೆ ಎತ್ತುವಾಗ ತಾನು ಕೆಳಕ್ಕೆ ಎಳೆಸಿಕೊಳ್ಳುತ್ತದೆ. ಕೊಲೆಟ್ ಹಿಡಿತ ಕಮ್ಮಿ ಇದ್ದರೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರುತ್ತಾ ಬರುತ್ತದೆ. ಕೊಲೆಟ್ ಬಾಯಿಯ ಹತ್ತಿರ ಟೂಲ್ ಮೇಲೆ ಮಾರ್ಕರ್ ಗೆರೆ ಹಾಕಿ. ಕೆಲಸ ಮುಗಿದಾಗ ಗೆರೆ ಕೆಳಗೆ ಬಂದಿದ್ದರೆ ಕಳ್ಳ ಸಿಕ್ಕ.

ಇಆರ್11 ಎಂಬ ಅಳತೆಯ ಕೊಲೆಟ್ ಹಾಕುವ ಕ್ರಮ ಬಹಳ ಜನರಿಗೆ ಗೊತ್ತಿಲ್ಲ. ಕೊಲೆಟ್ ಅನ್ನು ಮೊದಲು ನಟ್ಟಿನೊಳಗೆ ಸ್ವಲ್ಪ ವಾರೆ ಮಾಡಿ ಒತ್ತಿ, ಟಕ್ ಅಂತ ಕೂರಿಸಬೇಕು. ಆಮೇಲೆ ನಟ್ ಸಮೇತ ಸ್ಪಿಂಡಲ್‌ಗೆ ತಿರುಗಿಸಿ, ಟೂಲ್ ತೂರಿಸಿ, ಎರಡು ಸ್ಪ್ಯಾನರ್‌ನಲ್ಲಿ ಬಿಗಿಯಬೇಕು. ಕೊಲೆಟ್ ಅನ್ನು ಸುಮ್ನೆ ಸ್ಪಿಂಡಲ್‌ಗೆ ಹಾಕಿ ಮೇಲಿಂದ ನಟ್ ತಿರುಗಿಸಿದರೆ ಟೂಲ್ ಸೊಟ್ಟ ತಿರುಗುತ್ತದೆ, ಬಿಚ್ಚುವಾಗ ಕೊಲೆಟ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಕೊಲೆಟ್ ಅಳತೆಯೂ ಸರಿಯಿರಲಿ. ಸಣ್ಣ ಟೂಲುಗಳ ಹಿಡಿ ಬಹಳಷ್ಟು ಸಲ 3.175 ಮಿ.ಮೀ., ಅಂದರೆ ಇಂಚಿನ ಎಂಟನೇ ಒಂದು ಪಾಲು. ಆ ಕೊಲೆಟ್‌ನಲ್ಲಿ 3 ಮಿ.ಮೀ. ಟೂಲ್ ಕೂರಿಸಿದರೆ ಹಿಡಿದಂತೆ ಕಾಣುತ್ತದೆ, ಆದರೆ ಹಿಡಿತ ಕಮ್ಮಿ ಇರಬಹುದು.

ಗೆರೆ ಇದ್ದಲ್ಲೇ ಇದ್ದರೆ ಆಗ ಝಡ್ ನೋಡಿ. ಝಡ್ ಮೋಟಾರ್ ಸ್ಪಿಂಡಲ್ ಭಾರವನ್ನು ಎತ್ತಬೇಕು. ಎತ್ತುವಾಗ ಸ್ಟೆಪ್ ತಪ್ಪಿದರೆ ಪ್ರತಿ ಸಲ ಸ್ವಲ್ಪ ಕಮ್ಮಿ ಏರುತ್ತದೆ, ಇಳಿಯುವಾಗ ಪೂರ್ತಿ ಇಳಿಯುತ್ತದೆ. ಝಡ್ ವೇಗ ಇಳಿಸಿ. ಆಳ ಹಲಗೆಯ ನಡುವೆ ಮಾತ್ರ ಜಾಸ್ತಿಯಿದ್ದರೆ ಮಷೀನ್ ನಿರಪರಾಧಿ. ತೆಳುವಾದ ಹಲಗೆಯನ್ನು ಟೂಲ್ ಮೇಲಕ್ಕೆ ಎತ್ತುತ್ತಿದೆ. ಎರಡೂ ಬದಿ ಅಂಟಿರುವ ಟೇಪ್ ಹಾಕಿ ಕೂರಿಸಿ.

ಸುಟ್ಟ ಅಂಚು, ಕಿರುಚುವ ಟೂಲ್

ಹೆದರಿ ನಿಧಾನ ಓಡಿಸುವುದು ಹೊಸಬರ ಅಭ್ಯಾಸ. ನಿಧಾನವೇ ಕ್ಷೇಮ ಅನ್ನಿಸುತ್ತದೆ. ಮಿಲ್ಲಿಂಗ್‌ನಲ್ಲಿ ಹಾಗಲ್ಲ. ಲೆಕ್ಕ ಸುಲಭ: ನಿಮಿಷಕ್ಕೆ ಸುತ್ತು × ಟೂಲಿನ ಅಂಚುಗಳು × ಒಂದೊಂದು ಅಂಚು ಕಚ್ಚುವ ದಪ್ಪ. 10,000 ಸುತ್ತು, 2 ಅಂಚು, 0.03 ಮಿ.ಮೀ. ಕಚ್ಚು ಅಂದರೆ ನಿಮಿಷಕ್ಕೆ 600 ಮಿ.ಮೀ. ಓಡಿಸಬೇಕು. ಅದೇ ಸುತ್ತಿನಲ್ಲಿ ನೀವು 100 ಮಿ.ಮೀ. ಓಡಿಸಿದರೆ ಕಚ್ಚು 0.005. ಅದು ಕೊರೆಯುವುದಲ್ಲ, ಉಜ್ಜುವುದು. ಮರ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕರಗಿ ಟೂಲಿಗೆ ಸುತ್ತಿಕೊಳ್ಳುತ್ತದೆ, ಟೂಲ್ ಮೊಂಡಾಗುತ್ತದೆ. ಮರದಿಂದ ಚೂರು ಚೂರಾಗಿ ಹೊಟ್ಟು ಬರಬೇಕು. ಹಿಟ್ಟಿನಂತೆ ಬಂದರೆ ಓಟ ಹೆಚ್ಚಿಸಿ ಅಥವಾ ಸುತ್ತು ಇಳಿಸಿ. ಓಟ ಹೆಚ್ಚಿಸಿ ಮಷೀನ್ ನಡುಗಿದರೆ ಓಟ ಇಳಿಸಬೇಡಿ, ಆಳ ಇಳಿಸಿ. ಮರಕ್ಕೆ ಟೂಲ್ ವ್ಯಾಸದ ಅರ್ಧದಷ್ಟು ಆಳದಿಂದ ಶುರು ಮಾಡಬಹುದು. ಅಲ್ಯೂಮಿನಿಯಂಗೆ ಈ ಪುಟ್ಟ ಮಷೀನುಗಳಲ್ಲಿ 0.1, 0.2 ಮಿ.ಮೀ. ಸಾಕು, ಅದೂ ಒಂದೇ ಅಂಚಿನ ಟೂಲಿನಲ್ಲಿ.

ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿ. ಹೊಟ್ಟಿನ ರಾಶಿಯೊಳಗೆ ಕೆಂಡ ಕೂತಿರಬಹುದು. ಓಡುವ ಮಷೀನನ್ನು ಬಿಟ್ಟು ಊಟಕ್ಕೆ ಹೋಗುವುದು ಬೇಡವೇ ಬೇಡ.

ಕೀರಲು ಶಬ್ದಕ್ಕೆ ಇನ್ನೊಂದು ಕಾರಣ ಟೂಲ್ ಉದ್ದ. ಕೊಲೆಟ್‌ನಿಂದ ಹೊರಗೆ ಚಾಚಿದ ಉದ್ದ ಅರ್ಧವಾದರೆ ಅದೇ ಬಲಕ್ಕೆ ಬಾಗುವುದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕಿಂತ ಅಗ್ಗದ ರಿಪೇರಿ ನನಗೆ ಗೊತ್ತಿಲ್ಲ.

ಮೇಲ್ಮೈಯಲ್ಲಿ ಉಳುಮೆಯ ಸಾಲು

ಅಗಲ ಟೂಲಿನಲ್ಲಿ ಮಟ್ಟ ಮಾಡಿದಾಗ ಸಾಲು ಸಾಲು ಮೆಟ್ಟಿಲು ಬಂದು ಉಗುರಿಗೆ ತಗಲಿದರೆ ಸ್ಪಿಂಡಲ್ ವಾಲಿದೆ. ಟೂಲ್ ವೈ ಉದ್ದಕ್ಕೆ ಓಡಿದಾಗ ಸಾಲು ಬಂದರೆ ವಾಲಿದ್ದು ಎಕ್ಸ್ ಕಡೆಗೆ. ಎಕ್ಸ್ ಉದ್ದಕ್ಕೆ ಓಡಿದಾಗ ಬಂದರೆ ವೈ ಕಡೆಗೆ. ಸ್ಪಿಂಡಲ್‌ಗೆ ಡಯಲ್ ಗೇಜ್ ಕಟ್ಟಿ, ಕೈಯಿಂದ ಸುತ್ತಿಸಿ, ಟೇಬಲ್ ಮೇಲೆ ನಾಲ್ಕು ಕಡೆ ಓದಿ ನೋಡಿ. ಸರಿಪಡಿಸಲು ಸ್ಪಿಂಡಲ್ ಹಿಡಿಯುವ ಬ್ಲಾಕಿನ ಹಿಂದೆ ತೆಳು ಹಾಳೆ ಕೊಡಬೇಕು. ಬರೆಯುವ ಕಾಗದ ಸುಮಾರು 0.1 ಮಿ.ಮೀ. ದಪ್ಪ, ಎಷ್ಟು ಬೇಕು ಅಂತ ಅಂದಾಜಿಸಲು ಅದೇ ಸಾಕು. ಆಮೇಲೆ ಲೋಹದ ಹಾಳೆ ಹಾಕಿ.

ಸ್ಪಿಂಡಲ್ ತಿರುಗದಿದ್ದರೆ, ಅಕ್ಷರ ಉಲ್ಟಾ ಬಂದರೆ

ಸ್ಪಿಂಡಲ್ ಗುಂಯ್ ಅಂದು ತಿರುಗದಿದ್ದರೆ $30 (ಸ್ಪಿಂಡಲ್‌ನ ಗರಿಷ್ಠ ಸುತ್ತು) ನೋಡಿ. ಅಲ್ಲಿ 10000 ಇದ್ದು, ಪ್ರೋಗ್ರಾಮ್ 1000 ಕೇಳಿದರೆ ಹತ್ತನೇ ಒಂದು ಪಾಲು ಶಕ್ತಿ ಹೋಗುತ್ತದೆ, ಅಷ್ಟಕ್ಕೆ ಮೋಟಾರ್ ಏಳುವುದಿಲ್ಲ. $32 ಸೊನ್ನೆ ಇರಲಿ, ಅದು ಲೇಸರ್‌ಗೆ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ಬಂದರೆ ಒಂದು ಆಕ್ಸಿಸ್ ದಿಕ್ಕು ಉಲ್ಟಾ ಇದೆ, $3ರಲ್ಲಿ ತಿರುಗಿಸಬಹುದು.

ಅಲಾರ್ಮ್ ಬಂದು ನಿಂತರೆ

ಅಲಾರ್ಮ್ 1 ಅಂದರೆ ಮಿತಿ ಸ್ವಿಚ್ ಒತ್ತಿತು. ಅಲಾರ್ಮ್ 2 ಅಂದರೆ ಪ್ರೋಗ್ರಾಮ್ ಟೇಬಲ್‌ನ ಆಚೆ ಹೋಗಲು ಕೇಳಿತು. ಸೊನ್ನೆ ತಪ್ಪಾದ ಮೂಲೆಯಲ್ಲಿ ಇಟ್ಟಾಗ ಎರಡನೆಯದು ಬರಬಹುದು. ಸ್ವಿಚ್ ಹತ್ತಿರವೂ ಇಲ್ಲದಿರುವಾಗ ಅಲಾರ್ಮ್ 1 ಬಂದರೆ ಮತ್ತೆ ಅದೇ ಸ್ಪಿಂಡಲ್ ಗದ್ದಲ. ಸ್ವಿಚ್ ವೈರಿನ ದಾರಿ ಬದಲಿಸಿ.

ಅಲಾರ್ಮ್ ಬಂದಾಗ ಅನ್‌ಲಾಕ್ ಗುಂಡಿ ಒತ್ತಿ ಅಲ್ಲಿಂದಲೇ ಮುಂದುವರಿಸುವ ಆಸೆ ಆಗುತ್ತದೆ. ಅಲಾರ್ಮ್ 1ರಲ್ಲಿ ಮೋಟಾರ್ ದಿಢೀರ್ ನಿಂತಿರುತ್ತದೆ, ಸ್ಟೆಪ್ ಎಷ್ಟು ಹೋಯಿತೋ ಯಾರಿಗೂ ಗೊತ್ತಿಲ್ಲ. ಹೋಮಿಂಗ್ ಸ್ವಿಚ್ (ಮಷೀನ್ ತಾನಾಗಿ ತನ್ನ ಮೂಲ ಜಾಗ ಹುಡುಕಲು ಬಳಸುವ ಸ್ವಿಚ್) ಇದ್ದರೆ ಮತ್ತೆ ಹೋಮ್ ಮಾಡಿ. ಇಲ್ಲದಿದ್ದರೆ ಸೊನ್ನೆಯನ್ನು ಕೈಯಿಂದಲೇ ಮತ್ತೆ ಹಿಡಿಯಬೇಕು: ಸ್ಪಿಂಡಲ್ ಬಂದ್ ಮಾಡಿ, ಕಾಗದದ ತುಂಡು ಇಟ್ಟು, ಟೂಲ್ ತಗಲಿ ಕಾಗದ ಬಿಗಿಯಾಗುವ ತನಕ ಇಳಿಸಿ. ಇದಾಗಬೇಕಾದರೆ ನೀವು ಮೊದಲು ಸೊನ್ನೆ ಇಟ್ಟ ಮೂಲೆ ಇನ್ನೂ ಉಳಿದಿರಬೇಕು ಅಲ್ವಾ? ಅದಕ್ಕೇ ನಾನು ಸೊನ್ನೆಯನ್ನು ಟೂಲ್ ಎಂದೂ ಕೊರೆಯದ ಮೂಲೆಯಲ್ಲೇ ಇಡುತ್ತೇನೆ. ಜಾಬಿನ ಮಧ್ಯದಲ್ಲಿ ಇಟ್ಟರೆ ಆ ಜಾಗ ಮೊದಲ ಸುತ್ತಿನಲ್ಲೇ ಹೊಟ್ಟಾಗಿ ಹೋಗಿರುತ್ತದೆ.